ಮಾತಿನ ನಡುವೆ ಹಳೆಯ ಸಾಲು: ಸಂದರ್ಭ ತಿಳಿದು ಬಳಸುವುದು ಹೇಗೆ?

ಕನ್ನಡ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ನಮಗೆಲ್ಲ ಗೊತ್ತು: "ಸಂದರ್ಭ ಸೂಚಿಸಿ, ಸ್ವಾರಸ್ಯ ತಿಳಿಸಿ." ಯಾವ ಕೃತಿ, ಯಾರು ಯಾರಿಗೆ ಹೇಳಿದ್ದು, ಯಾವಾಗ ಹೇಳಿದ್ದು, ಅದರಲ್ಲಿ ಏನು ಸೊಗಸು ಅಂತ ಬರೆಯಬೇಕು. ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಮುಗಿದ ಮೇಲೆ ಬಿಟ್ಟುಬಿಡುತ್ತೇವೆ. ಆದರೆ ಹಳೆಯ ಕಾವ್ಯದ್ದೋ ನಾಟಕದ್ದೋ ಒಂದು ಸಾಲನ್ನು ದಿನದ ಮಾತಿನಲ್ಲಿ ಬಳಸಬೇಕು ಅಂದರೆ ಬೇಕಾಗುವುದು ಇದೇ ಉತ್ತರ. ಸಾಲು ನೆನಪಿರುವವರು ತುಂಬಾ ಜನ. ಅದು ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಬಂತು ಅಂತ ತಿಳಿದವರ ಮಾತೇ ಬೇರೆ. ಈ ಟಿಪ್ಪಣಿಯಲ್ಲಿ ಕೆಲವು ಸಾಲುಗಳನ್ನು ಹಾಗೆ ಬಿಡಿಸಿ ನೋಡೋಣ.

ಮೊದಲು ರನ್ನನ ಗದಾಯುದ್ಧ. 10ನೇ ಶತಮಾನದ ಈ ಕಾವ್ಯ ಓದುತ್ತಿದ್ದರೆ ನಾಟಕ ನೋಡಿದ ಹಾಗೇ ಇರುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಇದನ್ನು ನಾಟಕವನ್ನಾಗಿಯೇ ಮಾಡಿದರು. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಸಾಲು: "ನೀರೊಳಗಿರ್ದುಂ ಬೆಮರ್ತನುರಗಪತಾಕಂ." ಉರಗಪತಾಕ ಅಂದರೆ ಹಾವಿನ ಬಾವುಟದವನು, ದುರ್ಯೋಧನ. ಅವನು ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಸಿಂಹದ ಕೂಗನ್ನೂ ಗುಡುಗನ್ನೂ ಮೀರಿಸಿದ ಆ ದನಿ ಕೇಳಿ, ತಣ್ಣನೆ ನೀರಿನೊಳಗಿದ್ದೂ ದುರ್ಯೋಧನ ಬೆವರಿದ.

ಸಂದರ್ಶನಕ್ಕೆ ಕಾಯುತ್ತಿರುವ ಗೆಳೆಯ ಎ.ಸಿ. ಕೋಣೆಯಲ್ಲಿ ಕೂತು ಹಣೆ ಒರೆಸಿಕೊಳ್ಳುತ್ತಿದ್ದಾನೆ ಅನ್ನಿ. "ಏನೋ, ನೀರೊಳಗಿರ್ದುಂ ಬೆಮರ್ತನುರಗಪತಾಕಂ?" ಅಂದರೆ ಅವನು ನಗುತ್ತಾನೆ, ಭಯ ಸ್ವಲ್ಪ ಇಳಿಯುತ್ತದೆ. ಸಾಮಾನ್ಯವಾಗಿ ಇದನ್ನು ಹೆದರಿಕೆಯ ಸಾಲು ಅಂತಲೇ ಬಳಸುತ್ತಾರೆ. ಆದರೆ ಅದೇ ಪದ್ಯದಲ್ಲಿ ರನ್ನ "ಕೋಪಾರುಣನೇತ್ರಂ" ಅನ್ನುತ್ತಾನೆ. ಸಿಟ್ಟಿನಿಂದ ಕಣ್ಣು ಕೆಂಪಾದವನ ಬೆವರು ಅದು. ಹಾಗಾಗಿ ಗೆಳೆಯನನ್ನು ನಾವು ಪುಕ್ಕಲ ಅಂದ ಹಾಗಾಗುವುದಿಲ್ಲ. ಎದ್ದು ಬಂದು ಗದೆ ಹಿಡಿಯುವವನು ಅಂದ ಹಾಗೂ ಆಗುತ್ತದೆ. ಇಷ್ಟು ಗೊತ್ತಿದ್ದರೆ ಹೇಳುವ ದನಿಯೇ ಬದಲಾಗುತ್ತದೆ, ಅಲ್ವಾ?

ಇನ್ನು ಅಲ್ಲಮಪ್ರಭುವಿನ "ಎತ್ತಣ ಮಾಮರ, ಎತ್ತಣ ಕೋಗಿಲೆ." ಸಂಬಂಧವೇ ಇಲ್ಲದ ಎರಡು ವಿಷಯವನ್ನು ಯಾರಾದರೂ ಗಂಟು ಹಾಕಿದಾಗ ನಾವು ಈ ಸಾಲು ಹೇಳುತ್ತೇವೆ. ಅಂದರೆ, "ಅದಕ್ಕೂ ಇದಕ್ಕೂ ಏನು ಸಂಬಂಧ?" ಈಗ ವಚನವನ್ನು ಪೂರ್ತಿ ಓದಿ. "ಎತ್ತಣಿಂದೆತ್ತ ಸಂಬಂಧವಯ್ಯಾ?" ಅಂತ ಕೇಳಿದ ಮೇಲೆ ಬೆಟ್ಟದ ನೆಲ್ಲಿಕಾಯಿ, ಸಮುದ್ರದೊಳಗಿನ ಉಪ್ಪು ಬರುತ್ತವೆ. ಕೊನೆಗೆ ಗುಹೇಶ್ವರಲಿಂಗಕ್ಕೂ ತನಗೂ ಎತ್ತಣಿಂದೆತ್ತ ಸಂಬಂಧ ಅನ್ನುತ್ತಾನೆ. ಕೋಗಿಲೆ ಮಾವಿನ ಮರಕ್ಕೆ ಬಂದೇ ಬರುತ್ತದೆ. ನೆಲ್ಲಿಕಾಯಿ, ಉಪ್ಪು ಒಂದೇ ಭರಣಿಯಲ್ಲಿ ಸೇರುತ್ತವೆ. ಅಷ್ಟು ದೂರದವು ಹೇಗೆ ಕೂಡಿದವು ಅನ್ನುವ ಬೆರಗು ಅಲ್ಲಿದೆ. ನಾವು ಬಳಸುವ ಅರ್ಥ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು.

ಹಾಗಾದರೆ ತಮಾಷೆಗೆ ಬಳಸುವುದು ತಪ್ಪೇ? ನನ್ನ ಪ್ರಕಾರ ತಪ್ಪಲ್ಲ. ಜನರ ಬಾಯಲ್ಲಿ ಓಡಾಡಿದ ಸಾಲು ಹೊಸ ಅರ್ಥ ಹೊರುವುದು ಸಹಜ. ಆದರೆ ಎಲ್ಲಿಯದೋ ಇಬ್ಬರು ಗೆಳೆಯರಾಗಿದ್ದಾರೆ, ಮದುವೆಯಾಗುತ್ತಿದ್ದಾರೆ, ಒಟ್ಟಿಗೆ ಕೆಲಸ ಶುರು ಮಾಡುತ್ತಿದ್ದಾರೆ ಅನ್ನಿ. ಅಲ್ಲಿ ನಿಂತು ಈ ಸಾಲು ಹೇಳಿ ನೋಡಿ. ವಚನದ ನಿಜವಾದ ಜಾಗ ಅದು. ಗೊತ್ತಿರುವವರು ತಕ್ಷಣ ತಲೆದೂಗುತ್ತಾರೆ.

ಅಲ್ಲಮನದೇ ಇನ್ನೊಂದು: "ಕೊಟ್ಟ ಕುದುರೆಯನೇರಲರಿಯದೆ ಮತ್ತೊಂದು ಕುದುರೆಯ ಬಯಸುವವರು ವೀರರೂ ಅಲ್ಲ, ಧೀರರೂ ಅಲ್ಲ." ಇರುವ ಫೋನನ್ನೇ ಸರಿಯಾಗಿ ಬಳಸದೆ ಹೊಸದು ಬೇಕು ಅನ್ನುವವರಿಗೆ, ಒಂದು ಪುಸ್ತಕ ಮುಗಿಸದೆ ಇನ್ನೊಂದು ಕೊಳ್ಳುವವರಿಗೆ ಸರಿಯಾಗಿ ಒಪ್ಪುತ್ತದೆ. ಮುಂದಿನ ಸಾಲು ಇನ್ನೂ ಚೆನ್ನಾಗಿದೆ, ಅದನ್ನು ಯಾಕೋ ಯಾರೂ ಹೇಳುವುದಿಲ್ಲ. ಮೂರು ಲೋಕದವರೂ "ಹಲ್ಲಣವ ಹೊತ್ತುಕೊಂಡು" ತೊಳಲುತ್ತಿದ್ದಾರಂತೆ. ಹಲ್ಲಣ ಅಂದರೆ ಕುದುರೆಯ ಜೀನು. ಕುದುರೆ ಮೇಲಿರಬೇಕಾದ್ದನ್ನು ಸವಾರನೇ ಹೊತ್ತು ತಿರುಗುವ ಚಿತ್ರ! ದಯವಿಟ್ಟು ಇದನ್ನೂ ಸೇರಿಸಿ ಕಲಿಯಿರಿ.

ಸಾಲನ್ನು ಯಾರನ್ನು ಕುರಿತು ಹೇಳಿದೆ ಅನ್ನುವುದನ್ನೂ ಗಮನಿಸಬೇಕು. ಪುರಂದರದಾಸರ "ಮಾನವ ಜನ್ಮ ದೊಡ್ಡದು, ಇದ ಹಾನಿ ಮಾಡಲುಬೇಡಿ ಹುಚ್ಚಪ್ಪಗಳಿರಾ" ಊರಿಗೆಲ್ಲ ಹೇಳಿದ ಮಾತು. ಓರಗೆಯವರ ಗುಂಪಿನಲ್ಲಿ ನಡೆಯುತ್ತದೆ. ಹಿರಿಯರ ಮುಂದೆ "ಹುಚ್ಚಪ್ಪಗಳಿರಾ" ಅಂದರೆ ಕೇಳುವವರಿಗೆ ದಾಸರು ಕಾಣುವುದಿಲ್ಲ, ನೀವು ಕಾಣುತ್ತೀರಿ. ಕನಕದಾಸರ "ತಲ್ಲಣಿಸದಿರು ಕಂಡ್ಯ ತಾಳು ಮನವೇ" ಹಾಗಲ್ಲ. ಅಲ್ಲಿ ಕವಿ ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ. ಅದಕ್ಕೇ ಕಷ್ಟದಲ್ಲಿರುವವರ ಪಕ್ಕ ಕೂತು ಮೆಲ್ಲಗೆ ಹೇಳಿದರೆ ಉಪದೇಶ ಅನ್ನಿಸುವುದಿಲ್ಲ. ಇಬ್ಬರೂ ಸೇರಿ ಹೇಳಿಕೊಂಡ ಹಾಗಿರುತ್ತದೆ.

ಬಸವಣ್ಣನವರ "ಲೋಕದ ಡೊಂಕ ನೀವೇಕೆ ತಿದ್ದುವಿರಿ?" ಬಳಸುವಾಗ ಜಾಸ್ತಿ ಎಚ್ಚರ ಬೇಕು. ಯಾರಾದರೂ ಅನ್ಯಾಯದ ಬಗ್ಗೆ ದನಿ ಎತ್ತಿದಾಗ ಅವರ ಬಾಯಿ ಮುಚ್ಚಿಸಲು ಇದನ್ನು ಎಸೆಯುವುದು ನನಗೆ ಸರಿ ಕಾಣುವುದಿಲ್ಲ. ಹಾಗೆ ನೋಡಿದರೆ ಬಸವಣ್ಣನವರೇ ಲೋಕದ ಡೊಂಕನ್ನು ಕಂಡು ಸುಮ್ಮನಿದ್ದವರಲ್ಲ. ವಚನ ಮುಂದೆ "ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ" ಅನ್ನುತ್ತದೆ. ತನ್ನನ್ನು ನೋಡಿಕೊಳ್ಳದೆ ಬೇರೆಯವರ ತಪ್ಪನ್ನೇ ಎಣಿಸುವ ಕಡೆ ಅದರ ಬಾಣ.

ನಾಟಕದ ಸಾಲಿಗೆ ಇನ್ನೊಂದು ತೊಡಕಿದೆ. ಅದು ಕವಿಯ ಮಾತಲ್ಲ, ಪಾತ್ರದ ಮಾತು. ಕಾಳಿದಾಸನ ಮಾಲವಿಕಾಗ್ನಿಮಿತ್ರದ "ಪುರಾಣಮಿತ್ಯೇವ ನ ಸಾಧು ಸರ್ವಂ" ತೆಗೆದುಕೊಳ್ಳಿ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಎಲ್ಲವೂ ಒಳ್ಳೆಯದಲ್ಲ ಅಂತ ಅರ್ಥ. ಇದನ್ನು ಹೇಳುವವನು ಸೂತ್ರಧಾರ. ಭಾಸನಂಥ ಹೆಸರಾದ ಕವಿಗಳಿರುವಾಗ ಈ ಹೊಸಬ ಕಾಳಿದಾಸನ ನಾಟಕ ಯಾಕೆ ಅನ್ನುವ ಪ್ರಶ್ನೆಗೆ ಅವನ ಉತ್ತರ ಅದು. ಪದ್ಯ ಮುಂದುವರಿದು, ಹೊಸದು ಅಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ ಅನ್ನುತ್ತದೆ. ಹೊಸಬರ ಪರವಾಗಿ ಮಾತಾಡುವಾಗ ಇದಕ್ಕಿಂತ ಒಳ್ಳೆಯ ಸಾಲು ಸಿಗುವುದು ಕಷ್ಟ. ಹಳೆಯದನ್ನು ಹಳಿಯುವುದಕ್ಕೆ ಮಾತ್ರ ಬಳಸಿದರೆ ಅರ್ಧ ಪದ್ಯವನ್ನು ಬಿಟ್ಟ ಹಾಗೆ.

ಭಾಸನ ಸ್ವಪ್ನವಾಸವದತ್ತದ "ಚಕ್ರಾರಪಂಕ್ತಿರಿವ ಗಚ್ಛತಿ ಭಾಗ್ಯಪಂಕ್ತಿಃ" ಕೂಡ ಹಾಗೇ. ಅದೃಷ್ಟದ ಸಾಲು ಚಕ್ರದ ಅರೆಕಾಲುಗಳಂತೆ ಮೇಲೆ ಕೆಳಗೆ ತಿರುಗುತ್ತದೆ ಅಂತ. ರಾಣಿ ವಾಸವದತ್ತೆ ವೇಷ ಮರೆಸಿಕೊಂಡು ನಡೆಯುವಾಗ ಭಟರು ಎಲ್ಲರನ್ನೂ "ದಾರಿ ಬಿಡಿ" ಅಂತ ಓಡಿಸುತ್ತಾರೆ. ಅವಳಿಗೆ ಅವಮಾನವಾಗುತ್ತದೆ. ಆಗ ಮಂತ್ರಿ ಯೌಗಂಧರಾಯಣ ಸಮಾಧಾನಕ್ಕೆ ಹೇಳುವ ಮಾತಿದು. ಸೋತವರನ್ನು ಎತ್ತಿ ಹಿಡಿಯಲು ಹುಟ್ಟಿದ್ದು. ಗೆದ್ದವರಿಗೆ ಹೇಳಿದರೆ ಶಾಪದ ಹಾಗೆ ಕೇಳಿಸುತ್ತದೆ.

ಬೀಳ್ಕೊಡುಗೆಗೆ ರಾಘವಾಂಕನ ಹರಿಶ್ಚಂದ್ರಕಾವ್ಯದ ಸಾಲಿದೆ: "ಪುರದ ಪುಣ್ಯಂ ಪುರುಷರೂಪಿಂದೆ ಪೋಗುತಿದೆ." ರಾಜ್ಯವನ್ನು ವಿಶ್ವಾಮಿತ್ರನಿಗೆ ಕೊಟ್ಟು ಹರಿಶ್ಚಂದ್ರ ಊರು ಬಿಟ್ಟು ಹೊರಟಾಗ ಜನರ ಗೋಳು ಇದು. ಭಾರವಾದ ಸಾಲು. ನಿಜವಾಗಿ ಎಲ್ಲರ ಕಣ್ಣು ಒದ್ದೆ ಮಾಡಿ ಹೋಗುವವರಿಗೆ ಇಟ್ಟುಕೊಳ್ಳಿ. ಪ್ರತಿ ವರ್ಗಾವಣೆಗೂ ಹೇಳಿದರೆ ಸಾಲು ಸವೆಯುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. "ಕಾಯಕವೇ ಕೈಲಾಸ" ಬಸವಣ್ಣನವರದು ಅಂತ ಎಷ್ಟೋ ಭಾಷಣಗಳಲ್ಲಿ ಕೇಳುತ್ತೇವೆ. ಆ ಮಾತಿರುವ ವಚನ ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಅನ್ನುವಷ್ಟು ಗಟ್ಟಿ ವಚನ ಅದು. ಅಕ್ಕಿ ಆಯ್ದು ಬದುಕಿದವನ ಬಾಯಲ್ಲಿ ಆ ಮಾತಿಗೆ ಬರುವ ತೂಕವೇ ಬೇರೆ. ಹೆಸರು ಖಚಿತವಿಲ್ಲದಾಗ "ವಚನದಲ್ಲಿ ಬರುತ್ತಲ್ಲ" ಅಂದರೆ ಸಾಕು.

ಎಷ್ಟು ಹೇಳಬೇಕು? ಆದಷ್ಟು ಕಡಿಮೆ. ಸಾಲ ಮಾಡಿ ಒದ್ದಾಡುವ ಮಾತು ಬಂದಾಗ ಸರ್ವಜ್ಞನ "ಸಾಲವನು ಕೊಂಬಾಗ ಹಾಲೋಗರುಂಡಂತೆ" ಇಷ್ಟು ಸಾಕು. ಕಿಬ್ಬದಿಯ ಕೀಲು ಮುರಿಯುವುದನ್ನು ಎದುರಿನವರೇ ಪೂರ್ತಿ ಮಾಡುತ್ತಾರೆ. ಆ ಪೂರ್ತಿ ಮಾಡುವ ಖುಷಿಯನ್ನು ಅವರಿಗೆ ಬಿಡಿ. ಹಳಗನ್ನಡವಾದರೆ ಹೇಳಿದ ಕೂಡಲೇ ಇಂದಿನ ಕನ್ನಡದಲ್ಲಿ ಅರ್ಥ ಸೇರಿಸಿ. ಇಲ್ಲದಿದ್ದರೆ ಮುದ್ದಣನ (1870–1901) ಮನೋರಮೆ ಗಂಡನಿಗೆ ಹೇಳಿದ್ದನ್ನೇ ಅವರು ನಿಮಗೆ ಹೇಳಿಯಾರು: "ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು." ಅವನು ಭಾರದ ಸಂಸ್ಕೃತದಲ್ಲಿ ಕಥೆ ಶುರು ಮಾಡಿದಾಗ ಬಂದ ಮಾತು ಇದು. ಅರ್ಥವಾಗದ ಪಾಠ, ಅರ್ಜಿ, ನಿಯಮಗಳ ಮುಂದೆ ನಾವೂ ಧಾರಾಳವಾಗಿ ಬಳಸಬಹುದು.

ಬಾಯಿಪಾಠಕ್ಕೆ ಲಯ ಸಹಾಯ ಮಾಡುತ್ತದೆ. ಕುಮಾರವ್ಯಾಸನ "ಅರಸು ರಾಕ್ಷಸ ಮಂತ್ರಿಯೆಂಬುವ ಮೊರೆವ ಹುಲಿ ಪರಿವಾರ ಹದ್ದಿನ" ಭಾಮಿನಿ ಷಟ್ಪದಿ. ಮೂರು, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಕೈ ತಟ್ಟಿಕೊಂಡು ಜೋರಾಗಿ ಓದಿ. ಒಂದು ಪದ ತಪ್ಪಿದರೆ ಕಿವಿಯೇ ಹೇಳುತ್ತದೆ.

ಬೇರೆಯವರು ಸಾಲನ್ನು ಅರ್ಧಕ್ಕೆ ನಿಲ್ಲಿಸಿದಾಗ ಮಾತಿನ ನಡುವೆ ತಿದ್ದಲು ಹೋಗಬೇಡಿ. ಮುಂದಿನ ಸಾಲನ್ನು ಜೋಡಿಸಿ, ಅಷ್ಟೇ. ಗೆಳತಿ ಹುಮ್ಮಸ್ಸಿನಿಂದ "ಈಸಬೇಕು, ಇದ್ದು ಜೈಸಬೇಕು" ಅಂದರೆ ನೀವು ಪುರಂದರದಾಸರ ಮುಂದಿನ ಮಾತು ಸೇರಿಸಿ: "ಹೇಸಿಗೆ ಸಂಸಾರದಲ್ಲಿ ಆಸೆ ಲೇಶ ಇಡದ ಹಾಗೆ." ಗೆಲ್ಲಬೇಕು ಸರಿ, ಆಸೆಯಿಲ್ಲದೆ ಗೆಲ್ಲುವುದು ಹೇಗೆ ಅಂತ ಅವಳೇ ಕೇಳುತ್ತಾಳೆ. ಮಾತು ಅಲ್ಲಿಂದ ಮುಂದುವರಿಯಲಿ.