ಗೊದ್ದದ ಮರಿಗಳು ಯಾಕೆ ಬೆಳೆಯುತ್ತಿಲ್ಲ?

ಓದುಗರ ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮೊದಲ ಮಳೆಗೆ ಜಗಲಿಯ ದೀಪಕ್ಕೆ ಬಂದ ಗೊದ್ದದ (ದೊಡ್ಡ ಕಪ್ಪು ಇರುವೆಯ) ರಾಣಿಯೊಂದನ್ನು ಟೆಸ್ಟ್ ಟ್ಯೂಬಿನಲ್ಲಿ ಸಾಕುತ್ತಿದ್ದೇನೆ. ಈಗ ಏಳೆಂಟು ಕೆಲಸಗಾರ ಇರುವೆಗಳಿವೆ. ರಾಣಿ ಮೊಟ್ಟೆ ಇಡುತ್ತದೆ, ಮರಿಹುಳವೂ ಬರುತ್ತದೆ. ಆಮೇಲೆ ಬೆಳೆಯುವುದೇ ಇಲ್ಲ. ತಿಂಗಳಾದರೂ ಅಷ್ಟೇ ಸಣ್ಣ. ಕೆಲವು ಕಾಣೆಯೂ ಆಗಿವೆ. ಸಕ್ಕರೆ ನೀರು ತಪ್ಪದೆ ಕೊಡುತ್ತಿದ್ದೇನೆ. ಎಲ್ಲಿ ತಪ್ಪಾಗಿರಬಹುದು?

ಉತ್ತರ: ಸಕ್ಕರೆ ನೀರು ಕೊಡುತ್ತಿರುವುದು ಸರಿ. ಆದರೆ ಅದೊಂದೇ ಸಾಲದು. ನಿಮ್ಮ ಮರಿಹುಳಗಳಿಗೆ ಪ್ರೋಟೀನ್ ಸಿಗುತ್ತಿಲ್ಲ.

ದೊಡ್ಡ ಇರುವೆ ಇನ್ನು ಬೆಳೆಯುವುದಿಲ್ಲ. ಓಡಾಡಲು ಶಕ್ತಿ ಬೇಕು, ಅದಕ್ಕೆ ಸಿಹಿ ಸಾಕು. ಮೈ ಕಟ್ಟಬೇಕಾದದ್ದು ಮರಿಹುಳ. ಅದಕ್ಕೆ ಹುಳಹುಪ್ಪಟೆಯೇ ಆಗಬೇಕು. ಹಾಗಾದರೆ ಮೊದಲ ಸಲ ಏನೂ ಕೊಡದೆ ಏಳೆಂಟು ಇರುವೆ ಹೇಗೆ ಬಂದವು ಅಂತ ನೀವು ಕೇಳಬಹುದು. ಅವನ್ನು ರಾಣಿ ತನ್ನ ಮೈಯಿಂದಲೇ ಸಾಕಿತು. ರೆಕ್ಕೆ ಕಳಚಿದ ಮೇಲೆ, ಹಾರುವುದಕ್ಕೆ ಬೇಕಾಗಿದ್ದ ಸ್ನಾಯುಗಳು ಅದರ ಮೈಯಲ್ಲೇ ಕರಗುತ್ತವೆ. ಆ ಸತ್ವ ಮತ್ತು ಮೈಯಲ್ಲಿದ್ದ ಕೊಬ್ಬಿನಿಂದ ಮೊದಲ ಮರಿಗಳು ಬೆಳೆಯುತ್ತವೆ. ಅವು ಗಾತ್ರದಲ್ಲಿ ಸಣ್ಣ ಇರುವುದಕ್ಕೂ ಇದೇ ಕಾರಣ. ಎರಡನೇ ಸರದಿಯ ಹೊತ್ತಿಗೆ ಆ ಗಂಟು ಖಾಲಿ. ತುಂಬ ಜನರ ಗೂಡು ನಿಂತುಹೋಗುವುದು ಸರಿಯಾಗಿ ಈ ಜಾಗದಲ್ಲೇ.

ಕಾಣೆಯಾದ ಮರಿಗಳನ್ನು ಗೂಡಿನ ಇರುವೆಗಳೇ ತಿಂದಿರುತ್ತವೆ. ಅದನ್ನು ಕ್ರೌರ್ಯ ಅಂದುಕೊಳ್ಳಬೇಡಿ. ಆಹಾರ ಇಲ್ಲದಾಗ ಕೆಲವು ಮರಿಗಳನ್ನು ತಿಂದು ಉಳಿದವನ್ನು ಉಳಿಸಿಕೊಳ್ಳುವುದು ಇರುವೆಗಳ ಕ್ರಮ.

ಒಂದು ಲೆನ್ಸ್ ಹಿಡಿದು ಮರಿಹುಳವನ್ನು ನೋಡಿ. ಹೊಟ್ಟೆ ತುಂಬಿದ ಮರಿಯ ಮೈ ಬಿಗಿಯಾಗಿ ಹೊಳೆಯುತ್ತದೆ. ತೆಳ್ಳಗಿನ ಚರ್ಮದೊಳಗೆ ಕಪ್ಪಗಿನ ಗುರುತು ಕಾಣುತ್ತದೆ. ಅದು ತಿಂದ ಆಹಾರ. ಮರಿಹುಳ ಕೋಶ ಕಟ್ಟುವವರೆಗೂ ಹೊಟ್ಟೆಯ ಕಸವನ್ನು ಹೊರಗೆ ಹಾಕುವುದಿಲ್ಲ, ಹಾಗಾಗಿ ಅದು ಅಲ್ಲೇ ಇರುತ್ತದೆ. ಹಸಿದ ಮರಿ ಬರೀ ಬೆಳ್ಳಗೆ, ಚಪ್ಪಟೆಯಾಗಿ ಕಾಣುತ್ತದೆ. ನಿಮ್ಮವು ಹೀಗೇ ಇರಬೇಕು ಅಂತ ನನ್ನ ಅಂದಾಜು.

ಏನು ಕೊಡಬೇಕು? ಕಳಿತ ಕದಳಿ ಬಾಳೆಹಣ್ಣಿನ ಒಂದು ತುಂಡನ್ನು ಬಾಟಲಿಯಲ್ಲಿ ಹಾಕಿಡಿ. ಎರಡು ದಿನದಲ್ಲಿ ಹಣ್ಣಿನ ನೊಣಗಳು ಬರುತ್ತವೆ. ಬಾಟಲಿಯನ್ನು ಮುಚ್ಚಿ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟರೆ ಸಾಯುತ್ತವೆ. ನಿಮ್ಮ ಗೂಡಿಗೆ ವಾರಕ್ಕೆ ಎರಡು ಸಲ, ಪ್ರತಿ ಸಲ ಎರಡು ಮೂರು ನೊಣ ಸಾಕು. ಸೊಳ್ಳೆ ಬ್ಯಾಟಿಗೆ ಸಿಕ್ಕಿ ಸತ್ತ ಸೊಳ್ಳೆ, ಗೆದ್ದಲು, ಜಿರಳೆ ಮರಿಯ ಕಾಲು ಕೂಡ ಆಗುತ್ತದೆ. ಹೊರಗಿನಿಂದ ಹಿಡಿದ ಹುಳವನ್ನು ಒಮ್ಮೆ ಬಿಸಿನೀರಿಗೆ ಅದ್ದಿ ಕೊಡಿ, ಮೈಗಂಟಿದ ನುಸಿಗಳು ಸಾಯುತ್ತವೆ. ಉಳಿದದ್ದನ್ನು ಮರುದಿನ ತೆಗೆದುಬಿಡಿ. ಮಳೆಗಾಲದಲ್ಲಿ ಒಂದು ರಾತ್ರಿ ಹೆಚ್ಚು ಬಿಟ್ಟರೂ ಬೂಸ್ಟು ಹಿಡಿಯುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಮದ್ದು ಹೊಡೆದ ತೋಟದಿಂದ ಹುಳ ತರಬೇಡಿ. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಹೊಡೆಯುವ ಹೊತ್ತೂ ರಾಣಿ ಇರುವೆ ಸಿಗುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಕೀಟನಾಶಕ ಹೊಡೆದ ತರಕಾರಿ ಸಾಲಿನ ಹುಳವಂತೂ ಬೇಡವೇ ಬೇಡ. ಹಾಗೇ ಸೊಳ್ಳೆ ಬತ್ತಿ, ಸೊಳ್ಳೆಗೆ ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಇರುವ ಕೋಣೆಯಲ್ಲಿ ಗೂಡು ಇಡಬೇಡಿ. ಸೊಳ್ಳೆಯನ್ನು ಕೊಲ್ಲುವ ಹೊಗೆ ಇರುವೆಯನ್ನೂ ಬಿಡುವುದಿಲ್ಲ. ಮರಿಗಳು ಯಾಕೆ ಸಾಯುತ್ತಿವೆ ಅಂತ ಎಲ್ಲ ಕಡೆ ಹುಡುಕುವವರು ಆ ಪ್ಲಗ್ಗಿನ ಕಡೆ ನೋಡುವುದೇ ಕಡಿಮೆ.

ಇಷ್ಟು ನಿಮಗೆ. ಬೇರೆಯವರ ಗೂಡಿನಲ್ಲಿ ತೊಂದರೆ ಬೇರೆ ಹಂತದಲ್ಲಿ ಇರಬಹುದು. ಎಲ್ಲಿ ನಿಂತಿದೆ ಅನ್ನುವುದನ್ನು ಮೊದಲು ಗುರುತಿಸಬೇಕು. ಅದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಒಂಟಿ ರಾಣಿ ಮೊಟ್ಟೆ ಇಟ್ಟು, ಒಂದು ವಾರದಲ್ಲಿ ಮೊಟ್ಟೆಗಳು ಇಲ್ಲವಾದರೆ ಕಾರಣ ಹೆಚ್ಚಾಗಿ ನಾವೇ. ದಿನಾ ಟ್ಯೂಬ್ ತೆಗೆಯುವುದು, ಟಾರ್ಚ್ ಬಿಡುವುದು, ಮನೆಗೆ ಬಂದವರಿಗೆಲ್ಲ ತೋರಿಸುವುದು. ಅಪಾಯ ಇದೆ ಅಂತ ಅನಿಸಿದರೆ ರಾಣಿ ತನ್ನ ಮೊಟ್ಟೆಗಳನ್ನೇ ತಿನ್ನುತ್ತದೆ. ಗೊದ್ದದ ರಾಣಿಗೆ ಈ ಹಂತದಲ್ಲಿ ಆಹಾರವೂ ಬೇಡ. ನೀರು, ಕತ್ತಲೆ, ಅಲುಗಾಡದ ಜಾಗ ಇಷ್ಟೇ ಬೇಕು. ಮಿಕ್ಸಿ, ವಾಷಿಂಗ್ ಮೆಷಿನ್ ಇರುವ ಗೋಡೆಯ ಪಕ್ಕ ಬೇಡ, ಆ ನಡುಕ ಇರುವೆಗೆ ಕಾಲಿನಿಂದಲೇ ಗೊತ್ತಾಗುತ್ತದೆ. ಹತ್ತು ದಿನಕ್ಕೊಮ್ಮೆ ನೋಡಿದರೆ ಸಾಕು. ನೋಡಲೇಬೇಕು ಅನಿಸಿದರೆ ಕೆಂಪು ಹಾಳೆ ಸುತ್ತಿ ನೋಡಿ, ಬಹುಪಾಲು ಇರುವೆಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಕಾಯುವುದು ಕಷ್ಟ, ನಿಜ. ಆದರೆ ಮೊಟ್ಟೆಯಿಂದ ಇರುವೆ ಆಗಲು ನಮ್ಮ ಸೆಕೆಯಲ್ಲೂ ಒಂದೂವರೆ ಎರಡು ತಿಂಗಳು ಬೇಕು. ಎಸಿ ಹಾಕುವ ಕೋಣೆಯಾದರೆ ಇನ್ನೂ ಜಾಸ್ತಿ.

ಕೋಶದ ಹಂತದಲ್ಲಿ ಜನ ಸುಮ್ನೆ ಹೆದರುವುದೂ ಉಂಟು. ಗೊದ್ದದ ಕೋಶ ಕುಚ್ಚಲಕ್ಕಿಯ ಕಾಳಿನ ಹಾಗೆ, ಸ್ವಲ್ಪ ಕಂದು ಬಣ್ಣ. ಅದರ ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಇರುತ್ತದೆ. ಅದು ಬೂಸ್ಟಲ್ಲ. ಅಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಕಸವನ್ನು ಮರಿಹುಳ ಆಗ ಹೊರಹಾಕಿರುತ್ತದೆ. ಅದನ್ನು ಕಂಡರೆ ಸಂತೋಷಪಡಿ. ಮರಿಹುಳ ದೊಡ್ಡದಾಗಿಯೂ ಕೋಶ ಕಟ್ಟದೆ ಒದ್ದಾಡುತ್ತಿದ್ದರೆ ಟ್ಯೂಬಿನೊಳಗೆ ಒಂದು ಚಿಟಿಕೆ ತೊಳೆದು ಒಣಗಿಸಿದ ನುಣ್ಣನೆಯ ಹೊಯಿಗೆ (ಮರಳು) ಹಾಕಿ. ನೂಲು ಹಿಡಿದುಕೊಳ್ಳಲು ಏನಾದರೂ ಆಧಾರ ಬೇಕು, ಬರೀ ಗಾಜಿನ ಮೇಲೆ ಅದು ಆಗುವುದಿಲ್ಲ.

ಮರಿಗಳೆಲ್ಲ ಒಂದೇ ರಾತ್ರಿಯಲ್ಲಿ ಮಾಯ ಆದರೆ ಹೊರಗಿನ ಕಳ್ಳರನ್ನು ಹುಡುಕಿ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಬರುವ ಸಣ್ಣ ಇರುವೆಗಳು ಟ್ಯೂಬಿನ ಬಾಯಿಗೆ ಇಟ್ಟ ಹತ್ತಿಯ ಸಂದಿಯಲ್ಲಿ ನುಗ್ಗಿ ಮೊಟ್ಟೆ, ಮರಿ ಎಲ್ಲ ಹೊತ್ತೊಯ್ಯುತ್ತವೆ. ಕಪಾಟಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುತ್ತೇವಲ್ವಾ, ಹಾಗೇ ಗೂಡಿನ ಪೆಟ್ಟಿಗೆಯನ್ನೂ ನೀರಿನ ತಟ್ಟೆಯ ನಡುವೆ ಎತ್ತರಿಸಿ ಇಡಿ.

ಇನ್ನು ತೇವ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡು ಒಣಗುವ ಚಿಂತೆ ಇಲ್ಲ, ಟ್ಯೂಬಿನ ಗೋಡೆಯಲ್ಲಿ ಹನಿ ಕಟ್ಟಿ ಮೊಟ್ಟೆಗಳು ಅದರಲ್ಲಿ ಮುಳುಗುವುದೇ ಚಿಂತೆ. ಟ್ಯೂಬನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ಬಿಸಿ, ತಂಪು ಒಂದೇ ಸಮ ಇದ್ದು ಹನಿ ಕಡಿಮೆಯಾಗುತ್ತದೆ. ಪ್ಲಾಸ್ಟರಿನ ಗೂಡಿಗೆ ಮಳೆಗಾಲದಲ್ಲಿ ನೀರು ಹಾಕುವ ಅಗತ್ಯ ಬೀಳುವುದೇ ಅಪರೂಪ. ಏಪ್ರಿಲ್‌ನಲ್ಲಿ ಇದು ತಿರುಗುಮುರುಗು. ತಾರಸಿ ಮನೆಯ ಮೇಲಿನ ಕೋಣೆ ಕಾದು ಮರಿಗಳು ಸುಕ್ಕುತ್ತವೆ. ಕೆಳಗೆ, ಮುರಕಲ್ಲಿನ ಗೋಡೆಯ ತಂಪು ಮೂಲೆಗೆ ತನ್ನಿ.

ಕೊನೆಗೆ ಒಂದು ಸಂದರ್ಭ ಇದೆ, ಅದಕ್ಕೆ ಮದ್ದಿಲ್ಲ. ಗಂಡಿನ ಜೊತೆ ಕೂಡದ ರಾಣಿಯೂ ರೆಕ್ಕೆ ಕಳಚಿ ಮೊಟ್ಟೆ ಇಡಬಹುದು. ಆ ಮೊಟ್ಟೆಗಳಿಂದ ಗಂಡು ಇರುವೆಗಳು ಮಾತ್ರ ಬರುತ್ತವೆ. ಮೊದಲ ಕೋಶಗಳಿಂದ ಸಣ್ಣ ತಲೆಯ, ರೆಕ್ಕೆ ಇರುವ ಇರುವೆಗಳೇ ಹೊರಬಂದರೆ ಆ ಗೂಡು ಬೆಳೆಯುವುದಿಲ್ಲ. ನಿಮ್ಮಲ್ಲಿ ಕೆಲಸಗಾರ ಇರುವೆಗಳು ಬಂದಾಗಿದೆ, ಹಾಗಾಗಿ ನಿಮ್ಮ ರಾಣಿಯ ಬಗ್ಗೆ ಆ ಸಂಶಯ ಬೇಡ. ಇವತ್ತೇ ಎರಡು ಹಣ್ಣಿನ ನೊಣ ಹಾಕಿ. ಎರಡು ವಾರ ಬಿಟ್ಟು ಮರಿಗಳ ಹೊಟ್ಟೆಯಲ್ಲಿ ಕಪ್ಪು ಗುರುತು ಬಂದಿದೆಯಾ ನೋಡಿ ಬರೆಯಿರಿ.