ಪರಿಹಾರ ಶಿಬಿರ, ಹುಟ್ಟದ ಮಗು: ಕ್ಯಾಥೋಲಿಕ್ ನಿಲುವು ಬೆಳೆದುಬಂದ ಬಗೆ

1996ರ ನವೆಂಬರಿನಲ್ಲಿ ವ್ಯಾಟಿಕನ್ ಯುನಿಸೆಫ್‌ಗೆ ಕೊಡುತ್ತಿದ್ದ ದೇಣಿಗೆಯನ್ನು ನಿಲ್ಲಿಸಿತು. ಮೊತ್ತ ಬರೀ 2,000 ಡಾಲರ್. ಅಷ್ಟು ದೊಡ್ಡ ಸಂಸ್ಥೆಗೆ ಲೆಕ್ಕಕ್ಕೇ ಬಾರದ ಹಣ. ಆದರೂ ಅದು ಸುದ್ದಿಯಾಯಿತು. ಜಗಳ ಶುರುವಾಗಿದ್ದು ನಿರಾಶ್ರಿತರ ಶಿಬಿರಗಳಲ್ಲಿ ದುಡಿಯುವವರಿಗೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ತಂದ ಒಂದು ಕೈಪಿಡಿಯಿಂದ. ಸಂಭೋಗದ ನಂತರ ತೆಗೆದುಕೊಳ್ಳುವ ಗರ್ಭನಿರೋಧಕ ಗುಳಿಗೆಯನ್ನು ಶಿಬಿರದ ಹೆಂಗಸರಿಗೆ ಕೊಡುವ ಮಾತು ಅದರಲ್ಲಿತ್ತು. ಇದು ಗರ್ಭಪಾತಕ್ಕೆ ಸಮ ಎಂದಿತು ವ್ಯಾಟಿಕನ್. ನಾವು ಗರ್ಭಪಾತವನ್ನು ಬೆಂಬಲಿಸಿಲ್ಲ ಎಂದಿತು ಯುನಿಸೆಫ್.

ವಿಚಿತ್ರ ಅಲ್ವಾ? ಅಂಥದೇ ಶಿಬಿರಗಳಲ್ಲಿ ಕ್ಯಾಥೋಲಿಕ್ ಸಂಸ್ಥೆಗಳೂ ಊಟ, ಔಷಧಿ, ಡೇರೆ ಹಂಚುತ್ತಿದ್ದವು. ಭೂಕಂಪ, ಪ್ರವಾಹ, ಯುದ್ಧ ಎಲ್ಲೇ ಆಗಲಿ, ಅವರು ಬಂದಾಗ ಯಾರೂ ಬೇಡ ಅನ್ನುವುದಿಲ್ಲ. ಅದೇ ಧರ್ಮಸಭೆ (ಕ್ಯಾಥೋಲಿಕ್ ಚರ್ಚ್) ಗರ್ಭಪಾತ ಬೇಡ ಎಂದಾಗ ಮಾತ್ರ ಅನೇಕರು ಮುಖ ಸಿಂಡರಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಮೊದಲನೆಯದು ಕರುಣೆ, ಎರಡನೆಯದು ಕಟ್ಟುಪಾಡು. ಧರ್ಮಸಭೆ ಮಾತ್ರ ಎರಡೂ ಒಂದೇ ಬೇರಿನವು ಎನ್ನುತ್ತದೆ. ಈ ಮಾತು ಎಷ್ಟು ಹಳೆಯದು, ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ತಿಳಿಯಲು ತುಂಬ ಹಿಂದಕ್ಕೆ ಹೋಗಬೇಕು.

ಬೇಡವಾದ ಹಸುಗೂಸನ್ನು ಬೀದಿಯಲ್ಲಿ ಬಿಟ್ಟುಬಿಡುವುದು ರೋಮನ್ ಜಗತ್ತಿನಲ್ಲಿ ದೊಡ್ಡ ವಿಷಯವೇ ಆಗಿರಲಿಲ್ಲ. ಮೊದಲ ಕ್ರೈಸ್ತರು ಅದನ್ನು ಒಪ್ಪಲಿಲ್ಲ. ಒಂದನೇ ಶತಮಾನದ ಕೊನೆ ಅಥವಾ ಎರಡನೇ ಶತಮಾನದ ಮೊದಲಲ್ಲಿ ಬರೆದದ್ದು ಎನ್ನಲಾದ 'ದಿದಾಕೆ' ಎಂಬ ಪುಟ್ಟ ಬೋಧನಾ ಗ್ರಂಥ ಗರ್ಭಪಾತ ಮತ್ತು ಶಿಶುಹತ್ಯೆ ಎರಡನ್ನೂ ಒಂದೇ ಉಸಿರಿನಲ್ಲಿ ಬೇಡ ಎನ್ನುತ್ತದೆ. ಇನ್ನೊಂದು ಕಡೆ, ಮೂರನೇ ಶತಮಾನದ ನಡುವೆ ದೊಡ್ಡ ಪಿಡುಗು ಹರಡಿತು. ಆಗ ಅಲೆಕ್ಸಾಂಡ್ರಿಯದ ಕ್ರೈಸ್ತರು ರೋಗಿಗಳ ಸೇವೆಗೆ ನಿಂತು ತಾವೂ ಸತ್ತರು ಎಂದು ಅಲ್ಲಿನ ಬಿಷಪ್ ದಿಯೊನೀಸಿಯುಸ್ ಬರೆದಿದ್ದಾರೆ. ತಮ್ಮವರನ್ನು ಹೊಗಳಿ ಬರೆದ ಪತ್ರ ಅದು. ಪೂರ್ತಿ ನಂಬದೆ, ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೆ ಯಾವುದನ್ನು ಅವರು ಹೆಮ್ಮೆ ಎಂದುಕೊಂಡಿದ್ದರು ಎಂಬುದು ಅದರಿಂದ ತಿಳಿಯುತ್ತದೆ.

ಈ ಎರಡೂ ಎಳೆಗಳು ಒಬ್ಬನೇ ಮನುಷ್ಯನಲ್ಲಿ ಕೂಡಿಕೊಂಡಿದ್ದು ನಾಲ್ಕನೇ ಶತಮಾನದಲ್ಲಿ. ಇಂದಿನ ಟರ್ಕಿಯಲ್ಲಿರುವ ಸೆಸರೇಯ ಎಂಬ ಊರಿನ ಸಂತ ಬೆಸಿಲ್. ಸುಮಾರು 368ರಲ್ಲಿ ಅಲ್ಲಿ ಭೀಕರ ಬರ ಬಂತು. ಶ್ರೀಮಂತರು ಧಾನ್ಯ ಕೂಡಿಟ್ಟು ಬೆಲೆ ಏರಲಿ ಎಂದು ಕಾಯುತ್ತಿದ್ದರು. ಬೆಸಿಲ್ ಪ್ರವಚನದಲ್ಲಿ ಅವರನ್ನು ಹಿಡಿದು ಝಾಡಿಸಿದರು, ಕಣಜ ತೆರೆಸಿದರು, ಹಸಿದವರನ್ನು ಒಂದೆಡೆ ಸೇರಿಸಿ ಊಟಕ್ಕಿಟ್ಟರು. ಮುಂದೆ ಊರಾಚೆ ರೋಗಿಗಳಿಗೆ, ಕುಷ್ಠ ಬಂದವರಿಗೆ, ದಾರಿಹೋಕರಿಗೆ ದೊಡ್ಡ ಆಶ್ರಯವನ್ನೇ ಕಟ್ಟಿಸಿದರು. ಆಸ್ಪತ್ರೆಯ ಇತಿಹಾಸ ಬರೆಯುವವರು ಇಂದಿಗೂ ಅದರ ಹೆಸರೆತ್ತುತ್ತಾರೆ.

ಕೆಲವು ವರ್ಷಗಳ ನಂತರ ಇದೇ ಬೆಸಿಲ್, ಇಕೋನಿಯದ ಬಿಷಪ್ ಆಂಫಿಲೋಕಿಯುಸ್‌ಗೆ ಬರೆದ ಪತ್ರದಲ್ಲಿ ಗರ್ಭಪಾತವನ್ನು ಕೊಲೆ ಎಂದೇ ಕರೆದರು. ಭ್ರೂಣಕ್ಕೆ ರೂಪ ಬಂದಿತ್ತೋ ಇಲ್ಲವೋ ಎಂಬ ಸೂಕ್ಷ್ಮ ಲೆಕ್ಕ ನಮಗೆ ಬೇಡ ಎಂದರು. ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ, ಅದನ್ನು ಜಾಸ್ತಿ ಜನ ಉಲ್ಲೇಖಿಸುವುದಿಲ್ಲ. ಆ ಹೆಂಗಸರ ಪ್ರಾಯಶ್ಚಿತ್ತ ಸಾಯುವವರೆಗೂ ಎಳೆಯಬಾರದು, ಹತ್ತು ವರ್ಷ ಸಾಕು. ಅದರಲ್ಲೂ ವರ್ಷದ ಎಣಿಕೆಗಿಂತ ಪಶ್ಚಾತ್ತಾಪದ ರೀತಿ ನೋಡಬೇಕು ಎಂದರು ಅವರು. ಹತ್ತು ವರ್ಷ ನಮಗೆ ಕ್ರೂರ ಅನ್ನಿಸುತ್ತದೆ. ಆ ಕಾಲಕ್ಕೆ ಅದು ಸಡಿಲಿಕೆ.

ಆಮೇಲಿನ ಸಾವಿರ ವರ್ಷ ಧರ್ಮಸಭೆಯ ಮಾತು ಒಂದೇ ಆಗಿತ್ತು ಎನ್ನುವುದು ಅರ್ಧ ಸತ್ಯ ಮಾತ್ರ. ಗರ್ಭಪಾತ ಪಾಪ ಎಂಬುದು ಎಂದೂ ಬದಲಾಗಲಿಲ್ಲ. ಎಷ್ಟು ದೊಡ್ಡ ಪಾಪ, ಯಾವಾಗಿನಿಂದ ಕೊಲೆ ಎಂಬುದು ಬದಲಾಗುತ್ತ ಬಂತು. ಅರಿಸ್ಟಾಟಲ್‌ನನ್ನು ಓದಿಕೊಂಡಿದ್ದ ಸಂತ ಥಾಮಸ್ ಅಕ್ವಿನಾಸ್, ಭ್ರೂಣಕ್ಕೆ ಮನುಷ್ಯನ ಆತ್ಮ ಬರುವುದು ಗರ್ಭ ನಿಂತ ಎಷ್ಟೋ ದಿನಗಳ ನಂತರ ಎಂದು ನಂಬಿದ್ದರು. 1588ರಲ್ಲಿ ಪೋಪ್ 5ನೇ ಸಿಕ್ಸ್ತುಸ್ ಇದನ್ನೆಲ್ಲ ಬದಿಗಿಟ್ಟು ಯಾವ ಹಂತದ ಗರ್ಭಪಾತಕ್ಕೂ ಬಹಿಷ್ಕಾರ ವಿಧಿಸಿದರು, ಕ್ಷಮೆಯ ಅಧಿಕಾರವನ್ನು ರೋಮಿನ ಕೈಯಲ್ಲೇ ಇಟ್ಟುಕೊಂಡರು. ಅದು ನಡೆಯಲಿಲ್ಲ. ಮೂರೇ ವರ್ಷಕ್ಕೆ 14ನೇ ಗ್ರೆಗೋರಿ, ಆತ್ಮ ಬರುವ ಮುಂಚೆ, ಬಂದ ಮೇಲೆ ಎಂಬ ಹಿಂದಿನ ವ್ಯತ್ಯಾಸವನ್ನೇ ಮತ್ತೆ ತಂದರು. 1827ರಲ್ಲಿ ಸಸ್ತನಿಗಳ ಅಂಡಾಣು ಸೂಕ್ಷ್ಮದರ್ಶಕಕ್ಕೆ ಸಿಕ್ಕಿತು. ಗರ್ಭ ಹೇಗೆ ಶುರುವಾಗುತ್ತದೆ ಎಂಬ ಹಳೆಯ ಕಲ್ಪನೆಗಳು ಒಂದೊಂದಾಗಿ ಬಿದ್ದವು. 1869ರಲ್ಲಿ 9ನೇ ಪಿಯುಸ್ ಆ ವ್ಯತ್ಯಾಸವನ್ನು ಕಾನೂನಿನಿಂದ ತೆಗೆದರು. ಇಂದಿನ ನಿಯಮ ಅಲ್ಲಿಂದ ಬಂದದ್ದು.

ವಿಪತ್ತಿನ ವಿಷಯದಲ್ಲೂ ಧರ್ಮಸಭೆಯ ದಾರಿ ನೇರವಾಗಿರಲಿಲ್ಲ. ನೊಂದವರಿಗೆ ನೆರವಾಗಬೇಕು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಅವರು ನೊಂದದ್ದು ಏಕೆ? ಲೂಕನ ಶುಭಸಂದೇಶದಲ್ಲಿ ಯೇಸು ಇದಕ್ಕೆ ನೇರ ಉತ್ತರ ಕೊಟ್ಟಿದ್ದಾರೆ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನ ಬೇರೆಯವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ? ಖಂಡಿತ ಇಲ್ಲ ಎನ್ನುತ್ತಾರೆ ಅವರು. ಆದರೂ ಬೋಧಕರಿಗೆ ಆ ಚಟ ಬಿಡಲಿಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ, ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ ಕಂಪಿಸಿತು. ಪೂಜೆಗೆ ಬಂದವರ ಮೇಲೆಯೇ ಚರ್ಚುಗಳು ಕುಸಿದವು. ಇದು ದೇವರ ಶಿಕ್ಷೆ, ಮನೆ ಕಟ್ಟುವುದಕ್ಕಿಂತ ಪಶ್ಚಾತ್ತಾಪ ಮುಖ್ಯ ಎಂದು ಯೇಸುಸಭೆಯ (ಜೆಸ್ವಿಟ್) ಗುರು ಮಲಗ್ರೀದ ಸಾರಿದರು. ನಗರವನ್ನು ಮತ್ತೆ ಕಟ್ಟುತ್ತಿದ್ದ ಮಂತ್ರಿ ಪೊಂಬಾಲ್‌ಗೆ ಇದು ಸರಿಬರಲಿಲ್ಲ. ಕೊನೆಗೆ 1761ರಲ್ಲಿ ಆ ಗುರುವಿಗೆ ಮರಣದಂಡನೆಯೇ ಆಯಿತು.

ಮುಂದಿನ ಶತಮಾನಗಳಲ್ಲಿ ಪೊಂಬಾಲ್ ಮಾಡಿದಂಥ ಕೆಲಸವನ್ನೇ ಧರ್ಮಸಭೆ ತಾನೂ ಕಲಿತುಕೊಂಡಿತು. 1897ರಲ್ಲಿ ಜರ್ಮನಿಯಲ್ಲಿ ಗುರು ಲೊರೆಂಟ್ಸ್ ವೆರ್ಟ್‌ಮನ್ 'ಕಾರಿತಾಸ್' ಎಂಬ ನೆರವಿನ ಸಂಘ ಕಟ್ಟಿದರು. 1943ರಲ್ಲಿ, ಯುದ್ಧದ ನಡುವೆ, ಅಮೆರಿಕದ ಬಿಷಪರು ಕ್ಯಾಥೋಲಿಕ್ ರಿಲೀಫ್ ಸರ್ವೀಸಸ್ ಶುರುಮಾಡಿದರು. 1951ರಲ್ಲಿ ಹಲವು ದೇಶಗಳ ಕಾರಿತಾಸ್‌ಗಳು ಒಂದೇ ಒಕ್ಕೂಟದಡಿ ಬಂದವು. ಈಗ ಅದರಲ್ಲಿ 160ಕ್ಕೂ ಹೆಚ್ಚು ಸದಸ್ಯ ಸಂಸ್ಥೆಗಳಿವೆ. ಸಹಾಯ ಮತಾಂತರದ ಸಾಧನ ಆಗಬಾರದು ಎಂದು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಬೋಧನಾ ಪತ್ರ) ಪೋಪ್ 16ನೇ ಬೆನೆಡಿಕ್ಟ್ ಸ್ಪಷ್ಟವಾಗಿಯೇ ಬರೆದರು.

ಎರಡು ಎಳೆಗಳನ್ನು ಒಂದೇ ಸಾಲಿಗೆ ತಂದದ್ದು ಜಗತ್ತಿನ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ. 1965ರ ದಾಖಲೆಯೊಂದರಲ್ಲಿ ಅದು ಜೀವಕ್ಕೆ ಎದುರಾದ ಕೆಲಸಗಳನ್ನು ಪಟ್ಟಿಮಾಡಿತು. ಅದರಲ್ಲಿ ಗರ್ಭಪಾತ ಇದೆ, ನರಮೇಧ ಇದೆ. ಮನುಷ್ಯರು ಬದುಕಲಾಗದ ವಾಸಸ್ಥಿತಿ, ಗುಲಾಮಗಿರಿ, ಕೆಲಸಗಾರರನ್ನು ಬರೀ ಲಾಭದ ಸಲಕರಣೆಯಂತೆ ನಡೆಸಿಕೊಳ್ಳುವುದೂ ಇದೆ. ಆಗಿನ ಪೋಪ್ 6ನೇ ಪೌಲ್ ಅವರನ್ನೇ ನೋಡಿ. 1967ರಲ್ಲಿ ಬಡದೇಶಗಳ ಪರವಾಗಿ ಬರೆದ ವಿಶ್ವಪತ್ರಕ್ಕೆ ಎಡಪಂಥೀಯರಿಂದಲೂ ಮೆಚ್ಚುಗೆ. ಮರುವರ್ಷ ಗರ್ಭಪಾತ, ಗರ್ಭನಿರೋಧಕ ಎರಡೂ ಬೇಡ ಎಂದು ಬರೆದಾಗ ಧರ್ಮಸಭೆಯೊಳಗೇ ದಂಗೆ. 1970ರ ನವೆಂಬರ್ 12ರಂದು ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಎರಡು ವಾರದೊಳಗೆ, ಮನಿಲಾಕ್ಕೆ ಹೊರಟಿದ್ದ ಪೋಪರ ವಿಮಾನ ಢಾಕಾದಲ್ಲಿ ಇಳಿಯಿತು. ಸಂತ್ರಸ್ತರಿಗಾಗಿಯೇ ಆ ನಿಲುಗಡೆ. (ಮರುದಿನ ಮನಿಲಾ ವಿಮಾನ ನಿಲ್ದಾಣದಲ್ಲಿ ಒಬ್ಬಾತ ಅವರ ಮೇಲೆ ಚಾಕು ಬೀಸಿದ.) ಇದೆಲ್ಲ ಒಬ್ಬನೇ ಮನುಷ್ಯನ ನಾಲ್ಕು ವರ್ಷ. ಆದರೆ ನೆನಪಿನಲ್ಲಿ ಉಳಿದದ್ದು 1968ರ ಪತ್ರ ಮಾತ್ರ.

ಈ ವಿಚಾರಕ್ಕೆ ಹೆಸರು ಕೊಟ್ಟದ್ದು ಪೋಪ್ ಅಲ್ಲ, ಪರಿಹಾರ ಕಾರ್ಯಕರ್ತೆಯೊಬ್ಬರು. ಐಲೀನ್ ಈಗನ್ ಕ್ಯಾಥೋಲಿಕ್ ರಿಲೀಫ್ ಸರ್ವೀಸಸ್‌ನಲ್ಲಿ ನಿರಾಶ್ರಿತರ ನಡುವೆ ದಶಕಗಳ ಕಾಲ ದುಡಿದವರು, ಯುದ್ಧವನ್ನು ಖಂಡಾತುಂಡ ವಿರೋಧಿಸಿದವರು. ಜೀವರಕ್ಷಣೆ ಹೊಲಿಗೆ ಇಲ್ಲದ ಅಂಗಿ ಇದ್ದ ಹಾಗೆ ಎಂದು 1971ರಲ್ಲಿ ಅವರು ಹೇಳಿದರು. ಶಿಲುಬೆಯ ಬಳಿ ಸೈನಿಕರು ಹರಿಯದೆ ಚೀಟಿ ಹಾಕಿದ ಯೇಸುವಿನ ಅಂಗಿ ಅದು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕು ಎಂದಿತು, ಅಲ್ಲಿನ ಕ್ಯಾಥೋಲಿಕರ ರಾಜಕೀಯವೆಲ್ಲ ಅದರ ಸುತ್ತಲೇ ತಿರುಗತೊಡಗಿತು. ಆ ಬಿಸಿಯಲ್ಲೇ 1983ರ ಡಿಸೆಂಬರ್ 6ರಂದು ಶಿಕಾಗೋ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಮಾತಾಡಿದರು. ಗರ್ಭದಲ್ಲಿರುವವರ ಪರ ನಿಲ್ಲುವವರು ಹಸಿದವರ, ಮನೆಯಿಲ್ಲದವರ, ವಲಸೆ ಬಂದವರ ಪರವೂ ಅಷ್ಟೇ ಎದ್ದು ಕಾಣಬೇಕು ಎಂದರು. ಗರ್ಭಪಾತದ ವಿರೋಧಿಗಳಿಗೆ ಇದು ಇಷ್ಟವಾಗಲಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಗರ್ಭಪಾತದ ತೂಕ ಕಡಿಮೆಯಾಗುತ್ತದೆ, ಅದನ್ನು ಬೆಂಬಲಿಸುವ ರಾಜಕಾರಣಿಗೆ ಸುಮ್ನೆ ಒಂದು ಆಸರೆ ಸಿಗುತ್ತದೆ ಎಂಬುದು ಅವರ ದೂರು. ಎಲ್ಲ ವಿಷಯಗಳೂ ಒಂದೇ ತೂಕದವು ಎಂದು ನಾನು ಹೇಳಿಲ್ಲ ಎಂದು ಬರ್ನಾರ್ಡಿನ್ ಪದೇ ಪದೇ ವಿವರಿಸಬೇಕಾಯಿತು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬರ್ನಾರ್ಡಿನ್ ಹೇಳಿದ್ದು ಹೊಸ ಮಾತೇನಲ್ಲ, ಬೆಸಿಲ್ ಬದುಕಿ ತೋರಿಸಿದ್ದೇ.

ಈ ಮಾತಿನ ನಿಜವಾದ ಪರೀಕ್ಷೆ ಭಾಷಣದಲ್ಲಿ ಆಗುವುದಿಲ್ಲ, ಶಿಬಿರದಲ್ಲಿ ಆಗುತ್ತದೆ. ಸಂತ್ರಸ್ತೆಯೇ ಗರ್ಭಿಣಿಯಾಗಿದ್ದರೆ? ಯುದ್ಧದಲ್ಲಿ ಅವಳ ಮೇಲೆ ಅತ್ಯಾಚಾರವಾಗಿದ್ದರೆ? ಗರ್ಭದ ಮಗುವಿಗೆ ಆ ತಪ್ಪಿನ ಶಿಕ್ಷೆ ಬೇಡ ಎನ್ನುತ್ತದೆ ಧರ್ಮಸಭೆ. ಆದರೆ ಆ ಹೊರೆ ಹೊರುವವಳು ಆ ಹೆಂಗಸು, ಬಿಷಪ್ ಅಲ್ಲ. ಆಕೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಲ್ಲುವ ಜನ ಇಲ್ಲದಿದ್ದರೆ ಈ ನಿಲುವು ಬರೀ ಆಜ್ಞೆಯಾಗಿ ಉಳಿಯುತ್ತದೆ. 2016ರಲ್ಲಿ, ಗರ್ಭದ ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲ ಝೀಕಾ ಸೋಂಕು ಲ್ಯಾಟಿನ್ ಅಮೆರಿಕದ ಗರ್ಭಿಣಿಯರನ್ನು ಕಂಗೆಡಿಸಿದಾಗ ಇದೇ ಪ್ರಶ್ನೆ ಎದ್ದಿತು. ಮೆಕ್ಸಿಕೋದಿಂದ ಮರಳುವ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್, ಗರ್ಭಪಾತ ಅಪರಾಧವೇ, ಆದರೆ ಗರ್ಭ ಧರಿಸದಂತೆ ನೋಡಿಕೊಳ್ಳುವುದು ಅಂಥ ಕೇಡೇನಲ್ಲ ಎಂಬರ್ಥದ ಮಾತಾಡಿದರು. 1968ರ ಪತ್ರಕ್ಕೆ ಅಂಟಿಕೊಂಡವರಿಗೆ ಅಷ್ಟೂ ಜಾಸ್ತಿಯಾಯಿತು.

ತಾಯಿಯ ಜೀವಕ್ಕೇ ಅಪಾಯವಿದ್ದರೆ? ಅವಳ ರೋಗಕ್ಕೆ ಬೇಕೇಬೇಕಾದ ಚಿಕಿತ್ಸೆ ಕೊಡುವಾಗ, ಬಯಸದಿದ್ದರೂ ಭ್ರೂಣ ಸತ್ತರೆ ಅದು ಗರ್ಭಪಾತವಲ್ಲ ಎಂದು 1951ರಲ್ಲೇ 12ನೇ ಪಿಯುಸ್ ಹೇಳಿದ್ದರು. ಕಾಗದದ ಮೇಲಿನ ಈ ಗೆರೆ ಆಸ್ಪತ್ರೆಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. 2012ರಲ್ಲಿ ಐರ್ಲೆಂಡಿನಲ್ಲಿ ಭಾರತ ಮೂಲದ ಯುವ ದಂತವೈದ್ಯೆಯೊಬ್ಬರಿಗೆ ಗರ್ಭ ಇಳಿಯುತ್ತಿತ್ತು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ಗರ್ಭಪಾತ ನಿರಾಕರಿಸಲಾಯಿತು, ಆಕೆ ನಂಜೇರಿ ಸತ್ತರು. 2018ರ ಜನಮತದಲ್ಲಿ ಕ್ಯಾಥೋಲಿಕರೇ ಹೆಚ್ಚಿರುವ ಆ ದೇಶದ ಶೇ 66ರಷ್ಟು ಮತದಾರರು ಗರ್ಭಪಾತ ನಿಷೇಧದ ಸಂವಿಧಾನ ವಿಧಿಯನ್ನು ಕಿತ್ತುಹಾಕಿದರು.

ದೊಡ್ಡ ವಿಪತ್ತು ಬಂದಾಗಲೆಲ್ಲ ಕೆಲವು ಕ್ಯಾಥೋಲಿಕರು ಇನ್ನೊಂದು ವಾದ ಹೂಡುತ್ತಾರೆ. ಸುನಾಮಿಯಲ್ಲಿ ಇಷ್ಟು ಜನ ಸತ್ತರು ಎಂದು ಅಳುತ್ತೀರಲ್ಲ, ಜಗತ್ತಿನಲ್ಲಿ ವರ್ಷಕ್ಕೆ ಎಷ್ಟು ಗರ್ಭಪಾತ ಆಗುತ್ತದೆ ಗೊತ್ತಾ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 7.3 ಕೋಟಿ. ಗರ್ಭದಲ್ಲಿರುವುದು ಮನುಷ್ಯಜೀವ ಎಂದು ನಂಬಿದವರಿಗೆ ಈ ಸಂಖ್ಯೆ ನಿದ್ದೆಗೆಡಿಸುವುದು ಸಹಜ. ಆದರೆ ಹೆಣಗಳನ್ನು ಇನ್ನೂ ಹೊರತೆಗೆಯುತ್ತಿರುವ ಊರಿನ ಮುಂದೆ ಈ ಲೆಕ್ಕ ಇಟ್ಟರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ. ಒಬ್ಬರ ಸಾವನ್ನು ಇನ್ನೊಂದು ವಾದಕ್ಕೆ ತೂಕದ ಕಲ್ಲಾಗಿ ಬಳಸಿದಂತಾಗುತ್ತದೆ.

ಫ್ರಾನ್ಸಿಸ್ ಆ ದಾರಿ ಹಿಡಿಯಲಿಲ್ಲ. 2013ರ ಹೈಯಾನ್ ಚಂಡಮಾರುತದಲ್ಲಿ ಫಿಲಿಪೀನ್ಸ್‌ನ ತಕ್ಲೋಬಾನ್ ನೆಲಕಚ್ಚಿತ್ತು. 2015ರ ಜನವರಿಯಲ್ಲಿ ಅಲ್ಲಿಗೆ ಹೋದಾಗ ಇನ್ನೊಂದು ಬಿರುಗಾಳಿ ಬೀಸುತ್ತಿತ್ತು. ಹಳದಿ ಮಳೆಯಂಗಿ ತೊಟ್ಟು ನಿಂತ ಅವರು, ಬರೆದು ತಂದ ಪ್ರವಚನ ಬದಿಗಿಟ್ಟು, ನಿಮಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ಎಂದರು. ಲಿಸ್ಬನ್ನಿನ ಗುರುವಿನಿಂದ ಎಷ್ಟು ದೂರ ಬಂದಂತಾಯಿತು! ಅದೇ ಫ್ರಾನ್ಸಿಸ್ ಗರ್ಭಪಾತವನ್ನು ಸುಪಾರಿ ಕೊಲೆಗೂ ಹೋಲಿಸಿದವರು. ಆದರೆ 2016ರ ನವೆಂಬರಿನಲ್ಲಿ, ಗರ್ಭಪಾತ ಮಾಡಿಸಿಕೊಂಡು ಪಾಪನಿವೇದನೆಗೆ ಬಂದವರನ್ನು ಕ್ಷಮಿಸುವ ಅಧಿಕಾರವನ್ನು ಜಗತ್ತಿನ ಎಲ್ಲ ಗುರುಗಳಿಗೂ ಶಾಶ್ವತವಾಗಿ ಕೊಟ್ಟವರೂ ಅವರೇ. 1588ರಲ್ಲಿ ಅದು ರೋಮಿನಲ್ಲಿ ಮಾತ್ರ ಸಿಗುತ್ತಿತ್ತು.

ಬರ್ನಾರ್ಡಿನ್ ಎಬ್ಬಿಸಿದ ಜಗಳ ಮಾತ್ರ ಇನ್ನೂ ಮುಗಿದಿಲ್ಲ. 2025ರಲ್ಲಿ ಅದೇ ಶಿಕಾಗೋದ ಈಗಿನ ಕಾರ್ಡಿನಲ್ ಬ್ಲೇಸ್ ಕುಪಿಚ್, ವಲಸಿಗರಿಗಾಗಿ ದುಡಿದ ಸೆನೆಟರ್ ಡಿಕ್ ಡರ್ಬಿನ್‌ಗೆ ಪ್ರಶಸ್ತಿ ಕೊಡಲು ಹೊರಟರು. ಡರ್ಬಿನ್ ಗರ್ಭಪಾತ ಹಕ್ಕಿನ ಬೆಂಬಲಿಗ. ಹಲವು ಬಿಷಪರು ಸಿಡಿದೆದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಪತ್ರಕರ್ತರು ಹೊಸ ಪೋಪ್ 14ನೇ ಲಿಯೋ ಅವರನ್ನು ಕೇಳಿದರು. ಶಿಕಾಗೋದಲ್ಲೇ ಹುಟ್ಟಿದ ಪೋಪ್ ಅವರು. ಗರ್ಭಪಾತ ಬೇಡ ಎನ್ನುತ್ತ ಮರಣದಂಡನೆ ಇರಲಿ ಎನ್ನುವವರು ನಿಜಕ್ಕೂ ಜೀವದ ಪರ ಇದ್ದಂತಾಗದು ಎಂದ ಅವರು, ವಲಸಿಗರನ್ನು ಅಮಾನವೀಯವಾಗಿ ನಡೆಸಿಕೊಳ್ಳುವುದಕ್ಕೆ ತಲೆಯಾಡಿಸುವವರ ಬಗ್ಗೆಯೂ ಅದೇ ಅನುಮಾನ ತೋರಿದರು. ಅದಾದ ಕೆಲವೇ ಗಂಟೆಗಳಲ್ಲಿ, ಡರ್ಬಿನ್ ತಮಗೆ ಪ್ರಶಸ್ತಿ ಬೇಡ ಎಂದಿದ್ದಾರೆ ಎಂದು ಕುಪಿಚ್ ತಿಳಿಸಿದರು.