ಷೆವರ್ಲೆ 350 ಎಂಜಿನ್ನಿನ ಟೈಮಿಂಗ್ ಹೊಂದಿಸುವ ಬಗೆ

ಹಳೆಯ ಅಮೆರಿಕನ್ ವಿ-8 ಎಂಜಿನ್ನುಗಳ ಪೈಕಿ ಕಲಿಯುವವರ ಕೈಗೆ ಸುಲಭವಾಗಿ ಒಗ್ಗುವುದು ಷೆವರ್ಲೆ 350. 1967ರ ಕಮಾರೋ ಕಾರಿನೊಂದಿಗೆ ಬಂದ ಈ ಎಂಜಿನ್ ಅಲ್ಲಿಯವರ ಘನ ಅಂಗುಲದ ಲೆಕ್ಕದಲ್ಲಿ 350, ನಮ್ಮ ಲೆಕ್ಕದಲ್ಲಿ 5.7 ಲೀಟರ್. ಕಂಪ್ಯೂಟರಿನ ಗೊಡವೆಯೇ ಇಲ್ಲ. ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂಬುದು ಎಂಜಿನ್ನಿನ ಹಿಂಭಾಗದಲ್ಲಿರುವ ಡಿಸ್ಟ್ರಿಬ್ಯೂಟರಿನ ಕೈಯಲ್ಲಿದೆ. ಅದರ ಬೋಲ್ಟ್ ಸಡಿಲಿಸಿ ತುಸು ತಿರುಗಿಸಿದರೆ ಟೈಮಿಂಗ್ ಬದಲಾಗುತ್ತದೆ. ತಿರುಗಿಸುವುದು ಯಾರಿಗಾದರೂ ಬರುತ್ತದೆ. ಎಷ್ಟು ತಿರುಗಿಸಬೇಕೆಂಬುದೇ ಕಲಿಯಬೇಕಾದದ್ದು.

ಕಿಡಿ ಹಾರಿದ ತಕ್ಷಣ ಸಿಲಿಂಡರಿನೊಳಗಿನ ಮಿಶ್ರಣವೆಲ್ಲ ಒಮ್ಮೆಲೇ ಉರಿಯುವುದಿಲ್ಲ, ಜ್ವಾಲೆ ಹರಡಲು ಸಮಯ ಬೇಕು. ಪಿಸ್ಟನ್ ತುದಿ ಮುಟ್ಟಿ (ಇದೇ ಟಾಪ್ ಡೆಡ್ ಸೆಂಟರ್) ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಸುಮಾರು 15 ಡಿಗ್ರಿ ತಿರುಗುವಷ್ಟು ಕೆಳಗಿಳಿದಾಗ ಒತ್ತಡ ಗರಿಷ್ಠ ಮಟ್ಟದಲ್ಲಿದ್ದರೆ ಶಕ್ತಿ ಚೆನ್ನಾಗಿ ಸಿಗುತ್ತದೆ. ಆದ್ದರಿಂದ ಕಿಡಿ ಮೊದಲೇ ಹಾರಬೇಕು. ನಿಮಿಷಕ್ಕೆ 600 ಸುತ್ತಿನ ಐಡಲ್ ವೇಗದಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 3.6 ಡಿಗ್ರಿ ತಿರುಗುತ್ತದೆ. 3000 ಸುತ್ತಿನಲ್ಲಿ 18 ಡಿಗ್ರಿ. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸಬೇಕಾಗುತ್ತದೆ. ಇದನ್ನೇ ಅಡ್ವಾನ್ಸ್ ಎನ್ನುತ್ತೇವೆ.

ಅಡ್ವಾನ್ಸ್ ಮೂರು ಕಡೆಯಿಂದ ಬರುತ್ತದೆ. ಡಿಸ್ಟ್ರಿಬ್ಯೂಟರನ್ನು ನಾವು ಕೂರಿಸಿದ ಸ್ಥಾನದಿಂದ ಬರುವುದು ಆರಂಭಿಕ ಅಡ್ವಾನ್ಸ್. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತಾ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ರೋಟರಿನ ಕೆಳಗಿನ ಎರಡು ತೂಕಗಳು ವೇಗ ಏರಿದಂತೆ ಸ್ಪ್ರಿಂಗಿನ ಬಿಗಿತ ಮೀರಿ ಹೊರಕ್ಕೆ ಸರಿದಾಗ ಸಿಗುವುದು ಯಾಂತ್ರಿಕ ಅಡ್ವಾನ್ಸ್. ಮೂರನೆಯದು ಎಂಜಿನ್ನಿನ ಹೀರುವಿಕೆಯಿಂದ ನಡೆಯುವ ವ್ಯಾಕ್ಯೂಮ್ ಅಡ್ವಾನ್ಸ್: ಎಕ್ಸಿಲೇಟರ್ ಹಗುರವಾಗಿ ಒತ್ತಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಿಶ್ರಣ ತೆಳುವಾಗಿ ನಿಧಾನಕ್ಕೆ ಉರಿಯುತ್ತದೆ, ಆಗ ಇದು ಹತ್ತು ಹದಿನೈದು ಡಿಗ್ರಿ ಸೇರಿಸುತ್ತದೆ. ಆ ಹೊತ್ತಿನಲ್ಲಿ ಮೊತ್ತ 50ರ ಹತ್ತಿರ ಬಂದರೂ ಹೆದರಬೇಕಿಲ್ಲ. ಪೂರ್ತಿ ಒತ್ತಿದೊಡನೆ ವ್ಯಾಕ್ಯೂಮ್ ಇಳಿದು ಆ ಡಿಗ್ರಿಗಳು ಹೊರಟುಹೋಗುತ್ತವೆ.

ಹೆಚ್ಚಿನವರು ಐಡಲ್‌ನಲ್ಲಿ 8 ಅಥವಾ 10 ಡಿಗ್ರಿ ನೋಡಿ ಬಾನೆಟ್ ಮುಚ್ಚಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಕೆಲಸ. ಹಳೆಯ ಸಿಲಿಂಡರ್ ಹೆಡ್ ಇರುವ 350ಕ್ಕೆ ಆರಂಭಿಕ ಮತ್ತು ಯಾಂತ್ರಿಕ ಎರಡೂ ಸೇರಿ 34ರಿಂದ 36 ಡಿಗ್ರಿ ಇರಬೇಕು. ನಿಮ್ಮ ಡಿಸ್ಟ್ರಿಬ್ಯೂಟರ್ 24 ಡಿಗ್ರಿ ಕೊಡುವುದಾದರೆ ಐಡಲ್‌ನಲ್ಲಿ 12 ಸರಿ. ಅದೇ 30 ಕೊಡುವಂಥದ್ದಾಗಿದ್ದು ನೀವು 12ಕ್ಕೇ ಹೊಂದಿಸಿದರೆ ಮೊತ್ತ 42 ಆಗುತ್ತದೆ, ಎಂಜಿನ್ ನಾಕಿಂಗ್‌ಗೆ (ಮಿಶ್ರಣ ತಾನಾಗಿ ಹೊತ್ತಿ ಲೋಹ ಬಡಿದಂತೆ ಸದ್ದಾಗುವುದು) ಹತ್ತಿರವಾಗುತ್ತದೆ. ಆದ್ದರಿಂದ ಮೊತ್ತವನ್ನು ಮೊದಲು ಹಿಡಿಯಬೇಕು, ಐಡಲ್ ಅಂಕಿ ತಾನಾಗಿ ಎಲ್ಲಿ ಬೀಳುತ್ತದೋ ಬೀಳಲಿ. ಹಳೆಯ ಕೈಪಿಡಿ ಓದುವವರು ಇನ್ನೊಂದನ್ನು ಗಮನಿಸಬೇಕು: ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ 12 ಡಿಗ್ರಿ ಎಂದರೆ ಕ್ರ್ಯಾಂಕಿನ 24.

ಟೈಮಿಂಗ್ ಲೈಟ್ (ಒಂದನೆಯ ಪ್ಲಗ್ಗಿನ ಕಿಡಿಯೊಂದಿಗೇ ಮಿನುಗಿ, ತಿರುಗುವ ಗುರುತನ್ನು ನಿಂತಂತೆ ತೋರಿಸುವ ದೀಪ) ಕೈಗೆತ್ತಿಕೊಳ್ಳುವ ಮೊದಲು ಸೊನ್ನೆಯ ಗುರುತು ನಿಜವೋ ಎಂದು ನೋಡಿ. ಆ ಗುರುತಿರುವುದು ಬ್ಯಾಲೆನ್ಸರಿನ, ಅಂದರೆ ಕ್ರ್ಯಾಂಕಿನ ಮುಂತುದಿಯಲ್ಲಿ ಕಂಪನ ತಗ್ಗಿಸುವ ಚಕ್ರದ ಮೇಲೆ. ಅದರ ಹೊರಬಳೆ ರಬ್ಬರಿನ ಮೇಲೆ ಕುಳಿತಿದೆ. ದಶಕಗಳ ನಂತರ ರಬ್ಬರ್ ಸಡಿಲಾಗಿ ಬಳೆ ಜಾರುತ್ತದೆ, ಗುರುತೂ ಜೊತೆಗೇ ಜಾರುತ್ತದೆ. ಬೇರೆ ಬೇರೆ ವರ್ಷಗಳಲ್ಲಿ ಬ್ಯಾಲೆನ್ಸರಿನ ಪಕ್ಕದ, ಡಿಗ್ರಿ ಗುರುತುಗಳಿರುವ ತಗಡನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದರು, ಬಿಡಿಭಾಗಗಳನ್ನು ಅದಲುಬದಲು ಮಾಡಿ ಜೋಡಿಸಿದ ಎಂಜಿನ್ನುಗಳಲ್ಲಿ ಇದೂ ಕಾಡುತ್ತದೆ. ಪರೀಕ್ಷೆ ಹೀಗೆ: ಬ್ಯಾಟರಿಯ ತಂತಿ ಬಿಚ್ಚಿ, ಒಂದನೆಯ ಸಿಲಿಂಡರಿನ ಪ್ಲಗ್ ತೆಗೆದು ಆ ಜಾಗಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ತುದಿ ಮುಟ್ಟದಂತೆ ತಡೆಯುವ ಬೋಲ್ಟ್) ತಿರುಗಿಸಿ ಹಾಕಿ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಾಗಿ ನಿಂತಲ್ಲಿ ತಗಡಿನ ಸೊನ್ನೆಗೆ ಎದುರಾಗಿ ಬ್ಯಾಲೆನ್ಸರಿನ ಮೇಲೆ ಗೀರು ಎಳೆಯಿರಿ. ಎದುರು ದಿಕ್ಕಿನಲ್ಲಿ ತಿರುಗಿಸಿ ಇನ್ನೊಂದು ಗೀರು. ಎರಡರ ನಟ್ಟನಡುವೆ ನಿಜವಾದ ಸೊನ್ನೆ.

ತಗಡಿನ ಮೇಲೆ 36ರ ಗುರುತು ಇರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. 8 ಅಂಗುಲ ವ್ಯಾಸದ ಬ್ಯಾಲೆನ್ಸರಿನಲ್ಲಿ ಒಂದು ಡಿಗ್ರಿಗೆ 1.77 ಮಿಲಿಮೀಟರ್, ಮುಂದಿನಿಂದ ನೋಡಿದಾಗ ಸೊನ್ನೆಯಿಂದ ಗಡಿಯಾರದ ದಿಕ್ಕಿನಲ್ಲಿ ಸುಮಾರು 64 ಮಿಲಿಮೀಟರ್ ಅಳೆದು ಬಿಳಿ ಬಣ್ಣದ ಗೆರೆ ಹಾಕಿ.

ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಹರಿಸಿ ಕಡಿಯುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಆದರೆ ಡ್ವೆಲ್ (ಪಾಯಿಂಟ್ ಮುಚ್ಚಿರುವ ಅವಧಿ) ಅನ್ನು 30 ಡಿಗ್ರಿಗೆ ಮೊದಲೇ ಹೊಂದಿಸಿ, ಡ್ವೆಲ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಕ್ಯಾಪಿನ ಬದಿಯ ಪುಟ್ಟ ಲೋಹದ ಬಾಗಿಲು ಎತ್ತಿ ಎಂಜಿನ್ ಓಡುತ್ತಿರುವಾಗಲೇ ಅಲೆನ್ ಕೀಯಿಂದ ಇದನ್ನು ಮಾಡಬಹುದು, ಡೆಲ್ಕೋ ತಯಾರಕರ ಜಾಣತನ ಇದು.

ಎಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಕೊಳವೆ ಕಳಚಿ ಅದರ ಬಾಯಿ ಮುಚ್ಚಿ. ಲೈಟಿನ ಕ್ಲಿಪ್ಪನ್ನು ಚಾಲಕನ ಬದಿಯ (ಅಮೆರಿಕನ್ ಕಾರಿನಲ್ಲಿ ಅದು ಎಡಬದಿ) ಸಾಲಿನ ಎಲ್ಲಕ್ಕಿಂತ ಮುಂದಿನ ಪ್ಲಗ್ಗಿನ ತಂತಿಗೆ ಹಾಕಿ, ಅದೇ ಒಂದನೆಯದು. ಬೋಲ್ಟನ್ನು ಡಿಸ್ಟ್ರಿಬ್ಯೂಟರ್ ತುಸು ಬಿಗಿಯಾಗಿ ತಿರುಗುವಷ್ಟೇ ಸಡಿಲಿಸಿ. ವೇಗ ಏರಿಸುತ್ತಾ ಹೋಗಿ. 3000 ಸುತ್ತಿನ ಸುಮಾರಿಗೆ ಗೆರೆ ಸರಿಯುವುದನ್ನು ನಿಲ್ಲಿಸಿದಾಗ ಬಿಳಿ ಗೆರೆ ತಗಡಿನ ಸೊನ್ನೆಗೆ ಬರಬೇಕು. ಮೇಲಿನಿಂದ ನೋಡಿದಾಗ ರೋಟರ್ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ, ಹಾಗಾಗಿ ಅಡ್ವಾನ್ಸ್ ಹೆಚ್ಚಿಸಲು ಡಿಸ್ಟ್ರಿಬ್ಯೂಟರನ್ನು ಅದರ ವಿರುದ್ಧ ದಿಕ್ಕಿಗೆ ತಿರುಗಿಸಿ. ಮಿನುಗುವ ಬೆಳಕಿನಲ್ಲಿ ಫ್ಯಾನಿನ ಎಲೆಗಳು ನಿಂತಂತೆ ಕಾಣಬಹುದು. ಕೈ, ತೋಳು, ಲೈಟಿನ ತಂತಿ ಎಲ್ಲವನ್ನೂ ದೂರವಿಡಿ. ಬೋಲ್ಟ್ ಬಿಗಿಮಾಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು, ಬಿಗಿಮಾಡುವಾಗಲೇ ಒಂದೆರಡು ಡಿಗ್ರಿ ಸರಿದುಬಿಡುತ್ತದೆ. ಗೆರೆ ಒಂದೆಡೆ ನಿಲ್ಲದೆ ಅಲುಗುತ್ತಿದ್ದರೆ ತೂಕ ಮತ್ತು ಸ್ಪ್ರಿಂಗುಗಳನ್ನು ಬಿಚ್ಚಿ ನೋಡಿ.

ಲೈಟಿನ ಲೆಕ್ಕ ಸರಿಯಿದ್ದೂ ಎಂಜಿನ್ ಕೆಮ್ಮುತ್ತಿದ್ದರೆ ತಂತಿಗಳ ಕಡೆ ತಿರುಗಿ. ಉರಿಯುವ ಸರದಿ 1-8-4-3-6-5-7-2. ಐದು ಮತ್ತು ಏಳು ಅಕ್ಕಪಕ್ಕದ ಸಿಲಿಂಡರುಗಳು, ಸರದಿಯಲ್ಲೂ ಒಂದರ ಹಿಂದೊಂದು. ಅವೆರಡರ ತಂತಿಗಳು ಉದ್ದಕ್ಕೂ ಅಂಟಿಕೊಂಡು ಹೋದರೆ ಐದರ ಕಿಡಿ ಏಳರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹುಟ್ಟಿಸಬಲ್ಲದು.

ಕೊನೆಯ ತೀರ್ಪು ರಸ್ತೆಯಲ್ಲಿ. ಮೇಲಿನ ಗೇರಿನಲ್ಲಿ ಏರು ಹತ್ತಿಸುತ್ತಾ ಪೂರ್ತಿ ಎಕ್ಸಿಲೇಟರ್ ಒತ್ತಿ. ಲೋಹ ಕುಟ್ಟಿದಂಥ ಸದ್ದು ಬಂದರೆ ತಕ್ಷಣ ಕಾಲು ತೆಗೆದು, 2 ಡಿಗ್ರಿ ಇಳಿಸಿ ಮತ್ತೆ ಪ್ರಯತ್ನಿಸಿ. ಇದೇ ಎಂಜಿನ್ನಿನ 1970ರ ಎಲ್‌ಟಿ-1 ಮಾದರಿಯ 11:1 ಸಂಪೀಡನ ಅಂದಿನ ಸೀಸಬೆರೆತ ಪೆಟ್ರೋಲಿಗೆ ಹೊಂದಿಸಿದ್ದು, ಇಂದಿನ ಪೆಟ್ರೋಲಿನಲ್ಲಿ ಅದಕ್ಕೆ 36 ಹೆಚ್ಚೇ ಆಗಬಹುದು. ಅಮೆರಿಕದ ಬಂಕುಗಳಲ್ಲಿ ಆಕ್ಟೇನ್ (ಪೆಟ್ರೋಲು ನಾಕಿಂಗ್ ತಡೆಯುವ ಶಕ್ತಿಯ ಅಂಕಿ) 91 ಎಂದು ಬರೆದದ್ದು ನಮ್ಮ ಬಂಕುಗಳ 95ಕ್ಕೆ ಸರಿಸುಮಾರು ಸಮ, ಅಳೆಯುವ ವಿಧಾನ ಬೇರೆ ಅಷ್ಟೆ. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ತಡೆತಡೆದು ತಿರುಗಿದರೆ ಆರಂಭಿಕ ಅಡ್ವಾನ್ಸ್ ಹೆಚ್ಚಾಗಿದೆ ಎಂದು ತಿಳಿಯಿರಿ. ಸರಿಹೋದ ಮೇಲೆ ಡಿಸ್ಟ್ರಿಬ್ಯೂಟರಿನ ಬುಡದಿಂದ ಮ್ಯಾನಿಫೋಲ್ಡಿಗೆ ಸೇರುವಂತೆ ಒಂದು ಗೀರು ಎಳೆದಿಡಿ. ಮುಂದೆ ಬಿಚ್ಚಿದಾಗ ಅದೇ ಜಾಗಕ್ಕೆ ಕೂರಿಸಲು ಅದು ಸಾಕು.